ಆಕಾಶದ ಕಿರಣಗಳ ವಿಳಾಸ ಹುಡುಕಿ ಹೊರಟ ವಿಕ್ರಂ ಸಾರಾಭಾಯಿ: ಥುಂಬಾದ ಚರ್ಚ್‌ನಿಂದ ಗಾಮಾ ಕಿರಣ ಸ್ಫೋಟದವರೆಗೆ

1963ರ ಅಕ್ಟೋಬರ್ 17ರಂದು ಅಮೆರಿಕ 'ವೇಲಾ' ಹೆಸರಿನ ಎರಡು ಮಿಲಿಟರಿ ಉಪಗ್ರಹಗಳನ್ನು ಹಾರಿಸಿತು. ಯಾವುದಾದರೂ ದೇಶ ಕದ್ದುಮುಚ್ಚಿ ಅಣುಬಾಂಬ್ ಪರೀಕ್ಷೆ ನಡೆಸಿದರೆ ಅದರಿಂದ ಹೊಮ್ಮುವ ಕಿರಣಗಳನ್ನು ಪತ್ತೆ ಹಚ್ಚುವುದು ಅವುಗಳ ಕೆಲಸವಾಗಿತ್ತು. ಅದಾಗಿ ಸರಿಯಾಗಿ ಐದು ವಾರಕ್ಕೆ, ನವೆಂಬರ್ 21ರ ಸಂಜೆ, ಕೇರಳದ ತಿರುವನಂತಪುರದ ಹೊರವಲಯದಲ್ಲಿರುವ ಮೀನುಗಾರರ ಹಳ್ಳಿ ಥುಂಬಾದಿಂದ ಭಾರತದ ನೆಲದ ಮೊದಲ ಬಾಹ್ಯಾಕಾಶ ಸಂಶೋಧನಾ ರಾಕೆಟ್ ಮೇಲಕ್ಕೆ ಹಾರಿತು.

ಈ ಎರಡು ಘಟನೆಗಳಿಗೆ ಅಂದು ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಮುಂದೆ ವೇಲಾ ಸರಣಿಯ ಉಪಗ್ರಹಗಳು ಆಕಸ್ಮಿಕವಾಗಿ ಗಾಮಾ ಕಿರಣ ಸ್ಫೋಟಗಳನ್ನು ಕಂಡುಹಿಡಿದವು. ಥುಂಬಾದಲ್ಲಿ ಬೆಳೆದ ಸಂಸ್ಥೆ ದಶಕಗಳ ಬಳಿಕ ಅದೇ ಸ್ಫೋಟಗಳನ್ನು ಅಳೆಯುವ ಉಪಕರಣ ತಯಾರಿಕೆಯಲ್ಲಿ ಕೈಜೋಡಿಸಿತು. ಥುಂಬಾದ ಕೆಲಸ ಶುರು ಮಾಡಿದವರು ಡಾ. ವಿಕ್ರಂ ಸಾರಾಭಾಯಿ. ಆಕಾಶದಿಂದ ಬರುವ ಅತಿ ಶಕ್ತಿಯ ಕಣಗಳು ಎಲ್ಲಿಂದ ಬರುತ್ತವೆ, ಹೇಗೆ ಹುಟ್ಟುತ್ತವೆ ಎಂಬುದು ಅವರನ್ನು ವಿಜ್ಞಾನಕ್ಕೆ ಎಳೆದು ತಂದ ಪ್ರಶ್ನೆ. ಉತ್ತರ ಸಿಗುವ ಮೊದಲೇ ಅವರು ತೀರಿಕೊಂಡರು. ಆದರೆ ಉತ್ತರ ಹುಡುಕುವವರಿಗೆ ಬೇಕಾದ ಮನೆ ಕಟ್ಟಿಟ್ಟು ಹೋದರು.

ಗಿರಣಿ ಮಾಲೀಕರ ಮಗ, ಬೆಂಗಳೂರಿನ ವಿದ್ಯಾರ್ಥಿ

ಸಾರಾಭಾಯಿ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದ್‌ನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯಿ ಹೆಸರಾಂತ ಬಟ್ಟೆ ಗಿರಣಿಗಳ ಮಾಲೀಕರು. ತಾಯಿ ಸರಳಾ ದೇವಿ. ಎಂಟು ಮಕ್ಕಳ ಆ ಮನೆಯಲ್ಲೇ ತಾಯಿ ಮಾಂಟೆಸ್ಸರಿ ಮಾದರಿಯ ಶಾಲೆ ನಡೆಸುತ್ತಿದ್ದರು. ವಿಕ್ರಂ ಹೆಚ್ಚಿನ ಓದಿಗೆ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿ, 1940ರಲ್ಲಿ ಪದವಿ ಪಡೆದರು.

ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಗಿತ್ತು. ಊರಿಗೆ ಮರಳಿದ ಸಾರಾಭಾಯಿ ಗಿರಣಿಯ ಲೆಕ್ಕಪತ್ರ ನೋಡಿಕೊಂಡು ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸರ್ ಸಿ.ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆಗೆ ಇಳಿದರು. ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದ ಇನ್ನೊಬ್ಬ ಯುವ ವಿಜ್ಞಾನಿಯೂ ಅಲ್ಲೇ ಇದ್ದರು. ಅವರು ಹೋಮಿ ಭಾಭಾ.

ಸಾರಾಭಾಯಿ ಆರಿಸಿಕೊಂಡ ವಿಷಯ ಕಾಸ್ಮಿಕ್ ಕಿರಣಗಳು. ಹೆಸರಿನಲ್ಲಿ 'ಕಿರಣ' ಎಂದಿದ್ದರೂ ಇವು ಬಹುಪಾಲು ವಿದ್ಯುದಾವೇಶ ಹೊತ್ತ ಕಣಗಳು. ಹಗಲು ರಾತ್ರಿ ಎನ್ನದೆ ಬಾಹ್ಯಾಕಾಶದಿಂದ ಭೂಮಿಯ ಮೇಲೆ ಸುರಿಯುತ್ತಲೇ ಇರುತ್ತವೆ. ಇವುಗಳ ಸುರಿತ ಹೊತ್ತಿನಿಂದ ಹೊತ್ತಿಗೆ ಹೇಗೆ ಬದಲಾಗುತ್ತದೆ ಎಂಬುದರ ಬಗ್ಗೆ ಸಾರಾಭಾಯಿ ಬೆಂಗಳೂರಿನಿಂದ ಬರೆದ ಮೊದಲ ಪ್ರಬಂಧ 1942ರಲ್ಲಿ ಪ್ರಕಟವಾಯಿತು. ಉಪಕರಣ ಹೊತ್ತು ಕಾಶ್ಮೀರದ ಬೆಟ್ಟಗಳಿಗೂ ಹೋಗಿ ಅಳತೆ ಮಾಡಿದರು.

ಅದೇ 1942ರಲ್ಲಿ ಅವರು ನೃತ್ಯ ಕಲಾವಿದೆ ಮೃಣಾಲಿನಿ ಅವರನ್ನು ವರಿಸಿದರು. ಮೃಣಾಲಿನಿ ತಾಯಿ ಅಮ್ಮು ಸ್ವಾಮಿನಾಥನ್ ಕೇರಳದ ಪಾಲಕ್ಕಾಡ್ ಕಡೆಯ ಮನೆತನದವರು. ಅಕ್ಕ, ಆಜಾದ್ ಹಿಂದ್ ಫೌಜ್‌ನ ಕ್ಯಾಪ್ಟನ್ ಲಕ್ಷ್ಮಿ. ಥುಂಬಾಕ್ಕೆ ಕಾಲಿಡುವ ಎರಡು ದಶಕ ಮೊದಲೇ ಸಾರಾಭಾಯಿ ಕೇರಳದ ಅಳಿಯ ಆಗಿದ್ದರು.

ಕಣ ಬಂತು, ವಿಳಾಸ ಸಿಗಲಿಲ್ಲ

ಕಾಸ್ಮಿಕ್ ಕಿರಣಗಳಲ್ಲಿ ಒಂದು ದೊಡ್ಡ ತೊಡಕಿದೆ. ಅವುಗಳಿಗೆ ವಿದ್ಯುದಾವೇಶ ಇರುವುದರಿಂದ ದಾರಿಯಲ್ಲಿ ಸಿಗುವ ಪ್ರತಿಯೊಂದು ಕಾಂತಕ್ಷೇತ್ರವೂ ಅವುಗಳನ್ನು ಬಾಗಿಸುತ್ತದೆ. ನಕ್ಷತ್ರಗಳ ನಡುವಿನ ಕಾಂತಕ್ಷೇತ್ರ, ಸೂರ್ಯನದ್ದು, ಕೊನೆಗೆ ಭೂಮಿಯದ್ದು. ಕಣವೊಂದು ಪೂರ್ವದಿಂದ ಬಂದು ಉಪಕರಣಕ್ಕೆ ಬಡಿದರೆ ಅದು ಹೊರಟಿದ್ದೂ ಪೂರ್ವದಿಂದಲೇ ಎನ್ನುವ ಹಾಗಿಲ್ಲ. ಊರೂರು ಸುತ್ತಿ ಬಂದ ಅಂಚೆ ಲಕೋಟೆಯ ಮೇಲೆ ಕಳಿಸಿದವರ ವಿಳಾಸವೇ ಅಳಿಸಿಹೋದಂತೆ.

ಸಾರಾಭಾಯಿ ಈ ತೊಡಕನ್ನೇ ಸಾಧನವಾಗಿ ಬಳಸಿಕೊಂಡರು. ಕಣಗಳ ಸಂಖ್ಯೆಯ ಏರಿಳಿತ ನೋಡಿ, ಸೂರ್ಯ ಮತ್ತು ಭೂಮಿಯ ನಡುವಿನ ಜಾಗದಲ್ಲಿ ಏನು ನಡೆಯುತ್ತಿದೆ ಎಂದು ಓದುವ ಪ್ರಯತ್ನ ಅದು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಮರಳಿ, ಉಷ್ಣವಲಯದ ಪ್ರದೇಶಗಳಲ್ಲಿನ ಕಾಸ್ಮಿಕ್ ಕಿರಣಗಳ ಕುರಿತ ಪ್ರಬಂಧಕ್ಕೆ 1947ರಲ್ಲಿ ಪಿಎಚ್‌.ಡಿ ಪಡೆದರು.

ಸ್ವಾತಂತ್ರ್ಯ ಬಂದ ಮೂರೇ ತಿಂಗಳಲ್ಲಿ, 1947ರ ನವೆಂಬರ್ 11ರಂದು, ಅಹಮದಾಬಾದ್‌ನಲ್ಲಿ ಭೌತ ಸಂಶೋಧನಾ ಪ್ರಯೋಗಾಲಯ, ಅಂದರೆ ಪಿಆರ್‌ಎಲ್ ಶುರುವಾಯಿತು. ಸಾರಾಭಾಯಿಗೆ ಆಗ 28 ವರ್ಷ. ಮೊದಲ ನಿರ್ದೇಶಕರಾಗಿ ಬಂದವರು ಹಿರಿಯ ವಾತಾವರಣ ವಿಜ್ಞಾನಿ ಕೆ.ಆರ್. ರಾಮನಾಥನ್. ಪಾಲಕ್ಕಾಡ್‌ನ ಕಲ್ಪಾತಿಯವರಾದ ಇವರು ತಮ್ಮ ವೃತ್ತಿ ಆರಂಭಿಸಿದ್ದು ತಿರುವನಂತಪುರದ ಕಾಲೇಜಿನಲ್ಲಿ. ಕಾಸ್ಮಿಕ್ ಕಿರಣಗಳನ್ನು ಎಣಿಸುವ ಕೇಂದ್ರಗಳು ಅಹಮದಾಬಾದ್ ಅಲ್ಲದೆ ಗುಲ್ಮಾರ್ಗ್, ಕೊಡೈಕೆನಾಲ್ ಮತ್ತು ತಿರುವನಂತಪುರದಲ್ಲೂ ತಲೆಯೆತ್ತಿದವು.

ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರು ಸಾರಾಭಾಯಿ ಮಾರ್ಗದರ್ಶನದಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಮಾಡಿದ್ದು ಇದೇ ಪಿಆರ್‌ಎಲ್‌ನಲ್ಲಿ. ಎರ್ನಾಕುಲಂನಲ್ಲಿ, ಅಂದರೆ ಇಂದಿನ ಕೊಚ್ಚಿ ನಗರದಲ್ಲಿ 1940ರಲ್ಲಿ ಹುಟ್ಟಿದ ಕೆ. ಕಸ್ತೂರಿರಂಗನ್ ಅತಿ ಶಕ್ತಿಯ ಖಗೋಳ ವಿಜ್ಞಾನದಲ್ಲಿ ಪಿಎಚ್‌.ಡಿ ಮಾಡಿದ್ದೂ ಇಲ್ಲಿಯೇ. ಮುಂದೆ ಇಬ್ಬರೂ ಇಸ್ರೊ ಅಧ್ಯಕ್ಷರಾದರು.

ತುಂಬೆ ಹೂವಿನ ಹೆಸರಿನ ಊರು

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗಾಗಿ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಆಗ ಅಣುಶಕ್ತಿ ಇಲಾಖೆಯ ಚುಕ್ಕಾಣಿ ಹಿಡಿದಿದ್ದ ಹೋಮಿ ಭಾಭಾ ಬೆಂಬಲಕ್ಕೆ ನಿಂತರು. ಸಾರಾಭಾಯಿ ಸಮಿತಿಯ ಅಧ್ಯಕ್ಷರಾದರು. ರಾಕೆಟ್ ಹಾರಿಸಲು ಜಾಗ ಬೇಕಿತ್ತು.

ಭೂಮಿಯ ಕಾಂತೀಯ ಸಮಭಾಜಕ ರೇಖೆ ಕೇರಳದ ದಕ್ಷಿಣ ತುದಿಯ ಬಳಿ ಹಾದುಹೋಗುತ್ತದೆ. ಆ ರೇಖೆಯ ಮೇಲೆ, ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ ವಿದ್ಯುತ್ ಪ್ರವಾಹವೊಂದು ಹೊಳೆಯಂತೆ ಹರಿಯುತ್ತದೆ. ಬಲೂನ್ ಅಷ್ಟು ಮೇಲೆ ಹೋಗದು, ಉಪಗ್ರಹ ಅಷ್ಟು ಕೆಳಗೆ ಸುತ್ತದು. ರಾಕೆಟ್ ಮಾತ್ರ ಅಲ್ಲಿಗೆ ಉಪಕರಣ ಒಯ್ಯಬಲ್ಲದು. ಕೇರಳ ಕರಾವಳಿಯಲ್ಲಿ ಜಾಗ ಹುಡುಕಿದ ತಂಡಕ್ಕೆ ಹಿಡಿಸಿದ್ದು ಥುಂಬಾ. ಮಲಯಾಳದಲ್ಲಿ ಇದು ನಮ್ಮ ತುಂಬೆ ಗಿಡದ ಹೆಸರು.

ಆದರೆ ಅದು ಖಾಲಿ ಜಾಗವಾಗಿರಲಿಲ್ಲ. ಮೀನುಗಾರ ಕುಟುಂಬಗಳು ಅಲ್ಲಿ ವಾಸವಿದ್ದವು. ನಡುವೆ ಸೇಂಟ್ ಮೇರಿ ಮ್ಯಾಗ್ಡಲೀನ್ ಚರ್ಚ್ ಇತ್ತು. ಸಾರಾಭಾಯಿ ತಿರುವನಂತಪುರದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಭೇಟಿ ಮಾಡಿ ತಮ್ಮ ಉದ್ದೇಶ ವಿವರಿಸಿದರು. ಬಿಷಪ್ ವಿಷಯವನ್ನು ಭಾನುವಾರದ ಪ್ರಾರ್ಥನೆಗೆ ಸೇರಿದ್ದ ಜನರ ಮುಂದಿಟ್ಟರು. ಜನ ಒಪ್ಪಿದರು. ಭೂಸ್ವಾಧೀನದ ಹೊಣೆಯನ್ನು ಜಿಲ್ಲಾಧಿಕಾರಿ ಕೆ. ಮಾಧವನ್ ನಾಯರ್ ಹೊತ್ತರು. ಊರು ಪಕ್ಕಕ್ಕೆ ಸರಿಯಿತು, ಬೇರೆಡೆ ಹೊಸ ಚರ್ಚ್ ಎದ್ದಿತು.

ಸಾರಾಭಾಯಿ ಹೆಸರು ಇಂದು ಶಾಲಾ ಮಕ್ಕಳಿಗೂ ಗೊತ್ತು. ಮನೆ ಬಿಟ್ಟು ಎದ್ದ ಕುಟುಂಬಗಳ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ. ಕಡಲನ್ನೇ ನಂಬಿದ ಜನರಿಗೆ ಕಡಲಂಚಿನ ಮನೆ ಎಂದರೆ ಬರೀ ಗೋಡೆ, ಚಾವಣಿಯಲ್ಲ. ಅದು ದುಡಿಮೆಯ ಜಾಗವೂ ಹೌದು. ಭಾರತದ ಬಾಹ್ಯಾಕಾಶ ಯಾನಕ್ಕೆ ಮೊದಲ ಬೆಲೆ ತೆತ್ತವರು ಅವರು.

ಚರ್ಚ್ ಕಟ್ಟಡವೇ ಮೊದಲ ಕಚೇರಿಯಾಯಿತು. ರಾಕೆಟ್ ಭಾಗಗಳು ಸೈಕಲ್ ಮೇಲೆ ಸಾಗಿದವು. ಎಪಿಜೆ ಅಬ್ದುಲ್ ಕಲಾಂ ಸೇರಿದಂತೆ ಯುವ ಎಂಜಿನಿಯರ್‌ಗಳ ಸಣ್ಣ ತಂಡ ಅಲ್ಲಿ ಕೆಲಸ ಮಾಡಿತು. 1963ರ ನವೆಂಬರ್ 21ರಂದು ಹಾರಿದ್ದು ಅಮೆರಿಕದ ನೈಕಿ-ಅಪಾಚೆ ರಾಕೆಟ್. ಅದರೊಳಗಿನ ಸೋಡಿಯಂ ಆವಿಯ ಉಪಕರಣ ಫ್ರಾನ್ಸ್‌ನದು. ಸೋವಿಯತ್ ಒಕ್ಕೂಟವೂ ನೆರವು ನೀಡಿತ್ತು. ಮುಸ್ಸಂಜೆಯ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡವೊಂದು ಮೂಡಿತು. ಆ ಮೋಡ ಚಲಿಸಿದ ರೀತಿಯಿಂದ ಮೇಲಿನ ಗಾಳಿಯ ವೇಗ ಅಳೆಯುವುದು ಪ್ರಯೋಗದ ಗುರಿ.

ಶೀತಲ ಸಮರದ ಆ ಕಾಲದಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದೇ ಅಂಗಳದಲ್ಲಿ ಕೈಜೋಡಿಸಿದ್ದು ಸಣ್ಣ ಮಾತಲ್ಲ. 1968ರ ಫೆಬ್ರವರಿ 2ರಂದು ಪ್ರಧಾನಿ ಇಂದಿರಾ ಗಾಂಧಿ ಥುಂಬಾ ಕೇಂದ್ರವನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದರು. ಯಾವ ದೇಶದ ವಿಜ್ಞಾನಿಯೂ ಬಂದು ಪ್ರಯೋಗ ನಡೆಸಬಹುದು ಎಂಬುದು ಅದರ ಅರ್ಥ. ಬಾಗಿಲು ತೆರೆದಿಟ್ಟರೆ ಬಡ ದೇಶವೂ ಕಲಿಯಬಲ್ಲದು ಎಂಬ ಸಾರಾಭಾಯಿ ನಂಬಿಕೆ ಅಲ್ಲಿ ಕಾರ್ಯರೂಪಕ್ಕೆ ಬಂದಿತ್ತು.

1967ರ ಜುಲೈ 2: ಯಾರೂ ಕಾಣದ ಮಿಂಚು

ಇತ್ತ ಥುಂಬಾ ಬೆಳೆಯುತ್ತಿದ್ದಾಗ, ಅತ್ತ ಭೂಮಿಯಿಂದ ಒಂದು ಲಕ್ಷ ಕಿ.ಮೀ.ಗೂ ಹೆಚ್ಚು ದೂರದಲ್ಲಿ ಸುತ್ತುತ್ತಿದ್ದ ವೇಲಾ ಉಪಗ್ರಹಗಳು 1967ರ ಜುಲೈ 2ರಂದು ಗಾಮಾ ಕಿರಣಗಳ ಒಂದು ಮಿಂಚನ್ನು ದಾಖಲಿಸಿದವು. ಅದು ಬಾಂಬ್‌ನಿಂದ ಬಂದದ್ದಲ್ಲ, ಸೂರ್ಯನಿಂದಲೂ ಅಲ್ಲ. ದಾಖಲೆಗಳನ್ನು ಜಾಲಾಡಿ ಇದನ್ನು ಗುರುತಿಸಿದ್ದು 1969ರಲ್ಲಿ. ಜಗತ್ತಿಗೆ ತಿಳಿದದ್ದು 1973ರ ಜೂನ್‌ನಲ್ಲಿ, ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ರೇ ಕ್ಲೆಬೆಸಡೆಲ್, ಇಯಾನ್ ಸ್ಟ್ರಾಂಗ್ ಮತ್ತು ರಾಯ್ ಓಲ್ಸನ್ ಅವರು 16 ಸ್ಫೋಟಗಳ ವಿವರ ಪ್ರಕಟಿಸಿದಾಗ.

ಅದನ್ನು ಓದಲು ಸಾರಾಭಾಯಿ ಇರಲಿಲ್ಲ.

1966ರ ಜನವರಿಯಲ್ಲಿ ಭಾಭಾ ವಿಮಾನ ದುರಂತದಲ್ಲಿ ಮಡಿದ ಮೇಲೆ ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿ ಹೆಗಲೇರಿತ್ತು. 1969ರ ಆಗಸ್ಟ್ 15ರಂದು ಇಸ್ರೊ ಸ್ಥಾಪನೆಯಾಯಿತು. ಪಿಆರ್‌ಎಲ್, ಥುಂಬಾ, ಮುಂಬೈ, ದೆಹಲಿ ಎಂದು ಅವರು ಸದಾ ಓಡಾಟದಲ್ಲಿದ್ದರು. ಅಷ್ಟರ ನಡುವೆಯೂ ಮೂಲ ಪ್ರಶ್ನೆ ಬಿಟ್ಟಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಯು.ಆರ್. ರಾವ್ ತಂಡದ ಎಕ್ಸ್-ರೇ ಉಪಕರಣಗಳು ಥುಂಬಾದಿಂದಲೇ ರಾಕೆಟ್ ಏರಿ, ದೂರದ ಆಕಾಶಕಾಯಗಳನ್ನು ನೋಡಿದವು. ಎಕ್ಸ್-ರೇ ಮತ್ತು ಗಾಮಾ ಕಿರಣಗಳಿಗೆ ವಿದ್ಯುದಾವೇಶವಿಲ್ಲ. ಅವು ನೇರವಾಗಿ ಬರುತ್ತವೆ, ವಿಳಾಸ ಸಮೇತ.

1971ರ ಡಿಸೆಂಬರ್ ಕೊನೆಯ ವಾರ ಸಾರಾಭಾಯಿ ಕೆಲಸದ ಮೇಲೆ ತಿರುವನಂತಪುರಕ್ಕೆ ಬಂದಿದ್ದರು. ಕೋವಳಂನ ಕಡಲತೀರದ ಹಾಲ್ಸಿಯನ್ ಕ್ಯಾಸಲ್‌ನಲ್ಲಿ ತಂಗಿದ್ದರು. ಡಿಸೆಂಬರ್ 30ರಂದು ನಿದ್ದೆಯಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ ಬರೀ 52 ವರ್ಷ. 1972ರಲ್ಲಿ ತಿರುವನಂತಪುರದ ಬಾಹ್ಯಾಕಾಶ ಘಟಕಗಳಿಗೆ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರ ಎಂದು ಹೆಸರಿಡಲಾಯಿತು. ಅದೇ ವಿಎಸ್‌ಎಸ್‌ಸಿ.

ಏನಿದು ಗಾಮಾ ಕಿರಣ ಸ್ಫೋಟ?

ಸೂರ್ಯ ತನ್ನ ಸುಮಾರು 1000 ಕೋಟಿ ವರ್ಷಗಳ ಆಯುಷ್ಯದಲ್ಲಿ ಸೂಸುವಷ್ಟು ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಚೆಲ್ಲುವ ಘಟನೆ ಇದು. ಇವು ನಮ್ಮ ಆಕಾಶಗಂಗೆಯ ಆಚೆ, ಕೋಟ್ಯಂತರ ಜ್ಯೋತಿರ್ವರ್ಷ ದೂರದಲ್ಲಿ ನಡೆಯುತ್ತವೆ ಎಂಬುದು 1997ರಲ್ಲಿ ಖಚಿತವಾಯಿತು. ಎರಡು ಸೆಕೆಂಡಿಗಿಂತ ಹೆಚ್ಚು ಕಾಲ ಬೆಳಗುವ ಹೆಚ್ಚಿನ ಸ್ಫೋಟಗಳಿಗೆ ಭಾರೀ ನಕ್ಷತ್ರವೊಂದು ಕುಸಿದು ಸಾಯುವುದು ಕಾರಣ. ಕ್ಷಣಮಾತ್ರ ಮಿಂಚಿ ಹೋಗುವ ಹಲವು ಸ್ಫೋಟಗಳು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಉಂಟಾಗುತ್ತವೆ. 2017ರ ಆಗಸ್ಟ್ 17ರಂದು ಗುರುತ್ವ ಅಲೆ ಮತ್ತು ಗಾಮಾ ಕಿರಣ ಎರಡೂ ಒಟ್ಟಿಗೆ ಸಿಕ್ಕಾಗ ಇದಕ್ಕೆ ಪುರಾವೆ ದೊರೆಯಿತು.

ಎರಡೂ ಸಂದರ್ಭಗಳಲ್ಲಿ ನಡುವೆ ಉಳಿಯುವ ಕಪ್ಪುಕುಳಿ ಅಥವಾ ಅಂಥದ್ದೇ ಸಾಂದ್ರ ಕಾಯದಿಂದ ಕಿರಿದಾದ ಧಾರೆಯೊಂದು ಬೆಳಕಿನ ವೇಗಕ್ಕೆ ತೀರಾ ಸಮೀಪದ ವೇಗದಲ್ಲಿ ಚಿಮ್ಮುತ್ತದೆ. ಅದು ನಮ್ಮ ಕಡೆಗೇ ಗುರಿಯಿಟ್ಟಿದ್ದರೆ ಮಾತ್ರ ನಮಗೆ ಸ್ಫೋಟ ಕಾಣುತ್ತದೆ. ಧಾರೆ ಮುಂದೆ ಸಾಗಿ ಸುತ್ತಲಿನ ಅನಿಲಕ್ಕೆ ಬಡಿದಾಗ ಆಘಾತದ ಅಲೆ ಏಳುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ಉಳಿಯುವ ನಂತರದ ಹೊಳಪು ಹುಟ್ಟುವುದು ಅಲ್ಲಿಂದ.

ಅತಿ ಶಕ್ತಿಯ ಫೋಟಾನ್ ಹುಟ್ಟುವುದು ಹೇಗೆ?

ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣಕ್ಕೆ, ಅಂದರೆ ಫೋಟಾನ್‌ಗೆ, ಎರಡು ಮೂರು ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಇರುತ್ತದೆ. ಗಾಮಾ ಕಿರಣ ಸ್ಫೋಟಗಳಿಂದ ಲಕ್ಷ ಕೋಟಿ ಎಲೆಕ್ಟ್ರಾನ್‌ವೋಲ್ಟ್, ಅಂದರೆ ಒಂದು ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಫೋಟಾನ್‌ಗಳೂ ಬರಬಹುದು ಎಂದು ವಿಜ್ಞಾನಿಗಳು ಬಹುಕಾಲದಿಂದ ಊಹಿಸಿದ್ದರು. ಸ್ಪಷ್ಟ ಪುರಾವೆ ಸಿಕ್ಕಿದ್ದು 2019ರ ಜನವರಿ 14ರಂದು. ಸ್ಪೇನ್‌ನ ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳು ಸ್ಫೋಟವಾದ ಸುಮಾರು ಒಂದು ನಿಮಿಷದಲ್ಲೇ ಅತ್ತ ತಿರುಗಿ ಇಂಥ ಫೋಟಾನ್‌ಗಳನ್ನು ಹಿಡಿದವು. ಆ ಬೆಳಕು ಹೊರಟು ಸುಮಾರು 450 ಕೋಟಿ ವರ್ಷಗಳಾಗಿದ್ದವು.

ಸ್ಫೋಟದ ಸಾಮಾನ್ಯ ಹೊಳಪಿಗೆ ವಿವರಣೆ ಇತ್ತು. ಆಘಾತದ ಅಲೆಯಲ್ಲಿ ವೇಗ ಪಡೆದ ಎಲೆಕ್ಟ್ರಾನ್‌ಗಳು ಕಾಂತಕ್ಷೇತ್ರದಲ್ಲಿ ಸುರುಳಿ ಸುತ್ತುತ್ತಾ ಬೆಳಕು ಸೂಸುತ್ತವೆ. ಇದಕ್ಕೆ ಸಿಂಕ್ರೋಟ್ರಾನ್ ವಿಕಿರಣ ಎನ್ನುತ್ತಾರೆ. ಆದರೆ ಇದಕ್ಕೊಂದು ಮಿತಿ ಇದೆ. ಎಲೆಕ್ಟ್ರಾನ್ ಹೆಚ್ಚು ಶಕ್ತಿ ಗಳಿಸಿದಷ್ಟೂ ಅದನ್ನು ಬೆಳಕಾಗಿ ಬೇಗ ಕಳೆದುಕೊಳ್ಳುತ್ತದೆ. ಗಳಿಕೆ ಮತ್ತು ಖರ್ಚು ಸಮವಾದ ಹಂತದಿಂದ ಮೇಲಕ್ಕೆ ಹೋಗಲಾಗದು. ಧಾರೆಯ ವೇಗದಿಂದ ಸಿಗುವ ಹೆಚ್ಚುವರಿ ಬಲ ಸೇರಿಸಿದರೂ ಆ ಮಿತಿ ಒಂದು ಟೆರಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಬಹಳ ಕೆಳಗೇ ನಿಲ್ಲುತ್ತದೆ.

ಹಾಗಾದರೆ ಮಿತಿ ದಾಟಿದ ಫೋಟಾನ್‌ಗಳು ಬಂದದ್ದು ಎಲ್ಲಿಂದ? ಇಲ್ಲಿ ನೆರವಿಗೆ ಬರುವುದು ಅಮೆರಿಕದ ವಿಜ್ಞಾನಿ ಆರ್ಥರ್ ಕಾಂಪ್ಟನ್ ಹೆಸರಿನ ಪರಿಣಾಮ. ಶಕ್ತಿಯುತ ಫೋಟಾನ್ ಎಲೆಕ್ಟ್ರಾನ್‌ಗೆ ಬಡಿದು ತನ್ನ ಶಕ್ತಿಯ ಒಂದು ಪಾಲನ್ನು ಅದಕ್ಕೆ ಕೊಡುತ್ತದೆ ಎಂದು ಅವರು 1923ರಲ್ಲಿ ತೋರಿಸಿದ್ದರು. ಸ್ಫೋಟದಲ್ಲಿ ನಡೆಯುವುದು ಇದರ ತಿರುವುಮುರುವು. ಕೇರಂ ಆಟ ನೆನಪಿಸಿಕೊಳ್ಳಿ. ಭರ್ರನೆ ಬಂದ ಸ್ಟ್ರೈಕರ್ ಬಡಿದರೆ ಸುಮ್ಮನೆ ಕೂತ ಕಾಯಿ ಹೇಗೆ ಹಾರುತ್ತದೆಯೋ, ಹಾಗೆ ವೇಗದ ಎಲೆಕ್ಟ್ರಾನ್ ಬಡಿದಾಗ ಸಾಧಾರಣ ಫೋಟಾನ್ ಟೆರಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟಕ್ಕೆ ಏರುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಹೀಗೆ ಏಟು ತಿನ್ನುವ ಫೋಟಾನ್‌ಗಳು ಅದೇ ಎಲೆಕ್ಟ್ರಾನ್‌ಗಳು ಸ್ವಲ್ಪ ಮೊದಲು ಸೂಸಿದವು. 2019ರ ಜನವರಿಯ ಸ್ಫೋಟಕ್ಕೆ ಈ ವಿವರಣೆ ಚೆನ್ನಾಗಿ ಹೊಂದಿಕೊಂಡಿತು.

2022ರ ಅಕ್ಟೋಬರ್ 9ರ ಸ್ಫೋಟ ಈವರೆಗೆ ದಾಖಲಾದವುಗಳಲ್ಲೇ ಅತಿ ಪ್ರಕಾಶಮಾನ. ಚೀನಾದ ಲಾಸೋ ವೀಕ್ಷಣಾಲಯ ಅದರಿಂದ 60 ಸಾವಿರಕ್ಕೂ ಹೆಚ್ಚು ಅತಿ ಶಕ್ತಿಯ ಫೋಟಾನ್‌ಗಳನ್ನು ದಾಖಲಿಸಿತು. ಕೆಲವು 10 ಟೆರಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟವನ್ನೂ ದಾಟಿದ್ದವು. ಸುಮಾರು 200 ಕೋಟಿ ವರ್ಷಗಳ ದಾರಿಯಲ್ಲಿ ಇಂಥ ಫೋಟಾನ್‌ಗಳು ಬದುಕುಳಿಯುವುದೇ ಕಷ್ಟ. ಗೆಲಾಕ್ಸಿಗಳ ನಡುವೆ ಮಂಜಿನಂತೆ ಹರಡಿರುವ ನಕ್ಷತ್ರಗಳ ಹಳೆಯ ಬೆಳಕಿಗೆ ತಾಗಿ ಹೆಚ್ಚಿನವು ನಾಶವಾಗುತ್ತವೆ.

ಎಲ್ಲವೂ ಇತ್ಯರ್ಥವಾಗಿದೆ ಎಂದಲ್ಲ. 2019ರ ಆಗಸ್ಟ್ 29ರಂದು, ಹೋಲಿಕೆಯಲ್ಲಿ ಹತ್ತಿರವೇ ಎನ್ನಬಹುದಾದ ಸುಮಾರು 100 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಕಂಡ ಸ್ಫೋಟವನ್ನು ನಮೀಬಿಯಾದ ಹೆಸ್ ದೂರದರ್ಶಕಗಳು ಗಮನಿಸಿದವು. ಅದರಲ್ಲಿ ಎಕ್ಸ್-ರೇ ಮತ್ತು ಅತಿ ಶಕ್ತಿಯ ಗಾಮಾ ಕಿರಣ ಎರಡೂ ಒಂದೇ ರೀತಿಯಲ್ಲಿ ಮಂಕಾದವು. ಎರಡಕ್ಕೂ ಮೂಲ ಒಂದೇ ಇರಬಹುದೇ, ಸಿಂಕ್ರೋಟ್ರಾನ್ ಮಿತಿಯ ಲೆಕ್ಕವನ್ನೇ ಮತ್ತೆ ನೋಡಬೇಕೇ ಎಂಬ ಚರ್ಚೆ ಇನ್ನೂ ನಡೆದಿದೆ.

ಬೆಂಗಳೂರಿನ ಇಬ್ಬರು ಗೆಳೆಯರ ನಂಟು

ಇಂಥ ಫೋಟಾನ್ ನೇರವಾಗಿ ನೆಲಕ್ಕೆ ಬರುವುದಿಲ್ಲ. ವಾತಾವರಣಕ್ಕೆ ಬಡಿದೊಡನೆ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಜೋಡಿಯಾಗುತ್ತದೆ. ಅವು ಹೊಸ ಫೋಟಾನ್ ಹುಟ್ಟಿಸುತ್ತವೆ, ಅವುಗಳಿಂದ ಮತ್ತೆ ಜೋಡಿಗಳು. ಕಣಗಳ ಈ ಸುರಿಮಳೆ ಕ್ಷಣಾರ್ಧದ ಮಂದ ನೀಲಿ ಬೆಳಕು ಚೆಲ್ಲುತ್ತದೆ. ಮ್ಯಾಜಿಕ್, ಹೆಸ್‌ನಂಥ ದೂರದರ್ಶಕಗಳು ಹಿಡಿಯುವುದು ಅದನ್ನೇ. ಈ ಸುರಿಮಳೆಯ ಲೆಕ್ಕಾಚಾರವನ್ನು 1937ರಲ್ಲಿ ಕೊಟ್ಟವರಲ್ಲಿ ಒಬ್ಬರು ಹೋಮಿ ಭಾಭಾ, ಇನ್ನೊಬ್ಬರು ವಾಲ್ಟರ್ ಹೈಟ್ಲರ್. ಬೆಂಗಳೂರಿನಲ್ಲಿ ಸಾರಾಭಾಯಿ ಜತೆಗಿದ್ದ ಅದೇ ಭಾಭಾ.

ಅವರ ಹೆಸರಿನ ಭಾಭಾ ಅಣು ಸಂಶೋಧನಾ ಕೇಂದ್ರ ಲಡಾಖ್‌ನ ಹಾನ್ಲೆಯಲ್ಲಿ 21 ಮೀಟರ್ ವ್ಯಾಸದ 'ಮೇಸ್' ದೂರದರ್ಶಕ ಕಟ್ಟಿದೆ. 2024ರ ಅಕ್ಟೋಬರ್ 4ರಂದು ಉದ್ಘಾಟನೆಗೊಂಡ ಅದು ಹುಡುಕುವುದು ಇಂಥದ್ದೇ ಬೆಳಕಿನ ಮಿಂಚುಗಳನ್ನು.

ಸಾರಾಭಾಯಿ ಶಿಷ್ಯರೂ ಸುಮ್ಮನೆ ಕೂರಲಿಲ್ಲ. ಯು.ಆರ್. ರಾವ್ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ತಯಾರಾಗಿ 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದಲ್ಲಿ ಎಕ್ಸ್-ರೇ ಮತ್ತು ಗಾಮಾ ಕಿರಣ ಉಪಕರಣಗಳಿದ್ದವು. ವಿದ್ಯುತ್ ತೊಂದರೆಯಿಂದ ಪ್ರಯೋಗಗಳು ಕೆಲವೇ ದಿನಕ್ಕೆ ನಿಂತವು. ಕಸ್ತೂರಿರಂಗನ್ ಅವರು ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರಾಗಿದ್ದಾಗ, 1992 ಮತ್ತು 1994ರಲ್ಲಿ ಹಾರಿದ ಸ್ರಾಸ್ ಸರಣಿಯ ಎರಡು ಉಪಗ್ರಹಗಳು ಗಾಮಾ ಕಿರಣ ಸ್ಫೋಟಗಳನ್ನೇ ಹುಡುಕುವ ಉಪಕರಣ ಹೊತ್ತಿದ್ದವು. ಅವುಗಳನ್ನು ಒಯ್ದ ಎಎಸ್‌ಎಲ್‌ವಿ ರಾಕೆಟ್ ರೂಪುಗೊಂಡಿದ್ದು ತಿರುವನಂತಪುರದ ವಿಎಸ್‌ಎಸ್‌ಸಿಯಲ್ಲಿ.

2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ನೂರಾರು ಗಾಮಾ ಕಿರಣ ಸ್ಫೋಟಗಳನ್ನು ದಾಖಲಿಸಿದೆ. ಅವುಗಳನ್ನು ಹಿಡಿಯುವ ಅದರ ಮುಖ್ಯ ಉಪಕರಣದ ತಯಾರಿಕೆಯನ್ನು ಮುನ್ನಡೆಸಿದ್ದು ಭಾಭಾ ಕಟ್ಟಿದ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ. ಎಲೆಕ್ಟ್ರಾನಿಕ್ಸ್ ಭಾಗದ ವಿನ್ಯಾಸ, ಜೋಡಣೆ ಮತ್ತು ಪರೀಕ್ಷೆಯಲ್ಲಿ ದುಡಿದದ್ದು ವಿಎಸ್‌ಎಸ್‌ಸಿ. ಗಾಮಾ ಕಿರಣಗಳ ಧ್ರುವೀಕರಣ ಅಳೆಯುವ ಲೆಕ್ಕದ ವಿಧಾನ ಕೊಟ್ಟಿದ್ದು ಸಾರಾಭಾಯಿ 28ನೇ ವಯಸ್ಸಿನಲ್ಲಿ ಆರಂಭಿಸಿದ ಪಿಆರ್‌ಎಲ್.

ಥುಂಬಾದ ಹಳೆಯ ಚರ್ಚ್ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ತಿರುವನಂತಪುರಕ್ಕೆ ಹೋದವರು ಅದನ್ನು ನೋಡಿ ಬರಬಹುದು. ಮೊದಲ ರಾಕೆಟ್‌ನ ಕೆಲಸ ನಡೆದದ್ದು ಅಲ್ಲಿ. ಅದಕ್ಕೂ ಮೊದಲು ಅದು ಊರ ಮೀನುಗಾರರ ಪ್ರಾರ್ಥನೆಯ ಮನೆಯಾಗಿತ್ತು ಎಂಬುದನ್ನೂ ನೆನಪಿಡಬೇಕು.